ಸರ್ವರ್‌ಗೆ ಕಣ್ಣಿಲ್ಲ

ಫೋನು ಸ್ಪೀಕರಿನಲ್ಲಿದೆ. ರಾತ್ರಿ ಹನ್ನೊಂದು ದಾಟಿದೆ. ನೀವು ವಿಜಯನಗರದ ಮನೆಯಲ್ಲಿ ಊಟದ ಮೇಜಿಗೆ ಕುಳಿತಿದ್ದೀರಿ. ಮುಂದೆ ಒಂದು ನೋಟ್‌ಬುಕ್ಕು, ಒಂದು ಪೆನ್ನು. ಆ ಕಡೆ, ಹಾಸನದ ತನ್ನ ಮನೆಯ ಮಹಡಿ ಕೋಣೆಯಲ್ಲಿ, ತಂಡಕ್ಕೆ ಹೊಸದಾಗಿ ಸೇರಿದ ಹುಡುಗ. ಅವನು ಕೆಲಸ ಮಾಡಬೇಕಾಗಿರುವುದು ಬೆಂಗಳೂರಿನ ಡೇಟಾ ಸೆಂಟರೊಂದರಲ್ಲಿರುವ ಸರ್ವರಿನ ಮೇಲೆ. ಸಹಕಾರಿ ಬ್ಯಾಂಕೊಂದರ ಹಳೆಯ ಸ್ಪಾರ್ಕ್ ಯಂತ್ರ ಅದು, ಮೇಲೆ ಸನ್ ಕಂಪನಿಯ ಸೋಲಾರಿಸ್ 10 ಆಪರೇಟಿಂಗ್ ಸಿಸ್ಟಂ. ಬ್ಯಾಂಕು ಬೆಳಗಿನ ನಾಲ್ಕರವರೆಗೆ ಸಮಯ ಕೊಟ್ಟಿದೆ. ಅಷ್ಟರೊಳಗೆ ಪ್ಯಾಚ್ ಹಾಕಿ, ರೀಬೂಟ್ ಮಾಡಿ, ಎಲ್ಲ ಸರಿಯಿದೆ ಎಂದು ತಿಳಿಸಬೇಕು. ಸರಿಯಿಲ್ಲದಿದ್ದರೆ ಹಾಕಿದ ಪ್ಯಾಚನ್ನು ತೆಗೆದು ಮೊದಲಿದ್ದ ಸ್ಥಿತಿಗೆ ತರಬೇಕು.

ಸ್ಕ್ರೀನ್ ಹಂಚಿಕೊಳ್ಳುವಂತಿಲ್ಲ, ಬ್ಯಾಂಕಿನ ನಿಯಮ. ಹುಡುಗ ಕಂಡದ್ದನ್ನು ಬಾಯಲ್ಲಿ ಹೇಳಬೇಕು, ನೀವು ಕೇಳಿ ಊಹಿಸಬೇಕು.

“ಮೇಡಂ, ಲಾಗಿನ್ ಆಯ್ತು. ಆದ್ರೆ ವಿಐ ಎಡಿಟರ್ ತೆಗೆದ್ರೆ ಏನೋ ಬೈತಿದೆ. ನೀನು ಯಾವ ಟರ್ಮಿನಲ್ಲೋ ನಂಗೊತ್ತಿಲ್ಲ ಅಂತಿದೆ. ಫೈಲಲ್ಲಿ ಒಂದೇ ಸಾಲು ಕಾಣ್ತಿದೆ, ಅದೂ ಕೆಳಗಡೆ.”

“ಕೋಲನ್, ಕ್ಯು, ಆಶ್ಚರ್ಯಸೂಚಕ ಹೊಡೆದು ಹೊರಗೆ ಬಾ. ಈಗ ಎಕೋ ಅಂತ ಬರಿ. ಸ್ಪೇಸ್. ಡಾಲರ್ ಗುರುತು. ಟರ್ಮ್, ನಾಲ್ಕೂ ಅಕ್ಷರ ಕ್ಯಾಪಿಟಲ್. ಏನು ಬಂತು?”

“ಎಕ್ಸ್‌ಟರ್ಮ್, ಹೈಫನ್, ಟೂ ಫಿಫ್ಟಿ ಸಿಕ್ಸ್ ಕಲರ್.”

ನೀವು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೀರಿ. ಅರ್ಧ ಉತ್ತರ ಅದರಲ್ಲೇ ಇದೆ.

ಹುಡುಗನ ಲ್ಯಾಪ್‌ಟಾಪು ಎಸ್‌ಎಸ್‌ಎಚ್ ಮೂಲಕ ಸಂಪರ್ಕ ಕೇಳಿದಾಗ ತನ್ನ ಪರದೆಯ ಬಗ್ಗೆ ಹೇಳಿದ್ದು ಬಹಳ ಸ್ವಲ್ಪ: ನನ್ನ ಹೆಸರು ಇದು, ನನ್ನಲ್ಲಿ ಇಷ್ಟು ಸಾಲು, ಇಷ್ಟು ಕಾಲಂ. ಸರ್ವರ್ ಆ ಪರದೆಯನ್ನು ನೋಡಿಲ್ಲ, ನೋಡುವುದೂ ಇಲ್ಲ. ಹೇಳಿದ ಹೆಸರನ್ನು ಹಿಡಿದು ತನ್ನ ಟರ್ಮ್‌ಇನ್ಫೋ ಭಂಡಾರದಲ್ಲಿ ಹುಡುಕುತ್ತದೆ. ಅಲ್ಲಿ ಪ್ರತಿ ಹೆಸರಿಗೆ ಒಂದು ಫೈಲು, ಮೊದಲ ಅಕ್ಷರದ ಪ್ರಕಾರ ಬೇರೆ ಬೇರೆ ಡೈರೆಕ್ಟರಿಗಳಲ್ಲಿ. ಪರದೆ ಅಳಿಸಲು ಯಾವ ಬೈಟುಗಳನ್ನು ಕಳಿಸಬೇಕು, ಕರ್ಸರನ್ನು ಹತ್ತನೇ ಸಾಲಿಗೆ ಒಯ್ಯಲು ಯಾವುವು, ಅಕ್ಷರ ದಪ್ಪವಾಗಲು ಯಾವುವು ಎಂಬುದೆಲ್ಲ ಆ ಫೈಲಿನಲ್ಲಿ. ಹೆಸರೇ ಸಿಗದಿದ್ದರೆ ವಿಐ ಪೂರ್ತಿ ಪರದೆಯ ಆಸೆ ಬಿಟ್ಟು, ಓಪನ್ ಮೋಡ್ ಎಂಬ ಒಂದು ಸಾಲಿನ ಸ್ಥಿತಿಗೆ ಇಳಿಯುತ್ತದೆ.

ಇಂಥ ಭಂಡಾರ ಹುಟ್ಟಿದ ಕಾಲಕ್ಕೆ ಅದು ನಿಜವಾಗಿಯೂ ಬೇಕಿತ್ತು. 1970ರ ದಶಕದಲ್ಲಿ ಟರ್ಮಿನಲ್ ಎಂದರೆ ಕೀಬೋರ್ಡು, ಗಾಜಿನ ಕೊಳವೆ ಎರಡೂ ಇದ್ದ ಒಂದು ಪೆಟ್ಟಿಗೆ. ಕಂಪನಿಗೊಂದು ಸಂಕೇತ ಭಾಷೆ. ಬರ್ಕ್ಲಿಯಲ್ಲಿ ಬಿಲ್ ಜಾಯ್ ವಿಐ ಬರೆದದ್ದು ಲಿಯರ್ ಸೀಗ್ಲರ್ ಕಂಪನಿಯ ಎಡಿಎಂ-3ಎ ಎಂಬ ಪೆಟ್ಟಿಗೆಯ ಮೇಲೆ. ಅದರ ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆ ಬಾಣದ ಗುರುತು ಇದ್ದುದರಿಂದಲೇ ಇಂದಿಗೂ ವಿಐನಲ್ಲಿ ಕರ್ಸರ್ ಓಡಾಡುವುದು ಆ ನಾಲ್ಕರಿಂದ. ಒಂದೇ ಎಡಿಟರು ಎಲ್ಲ ಪೆಟ್ಟಿಗೆಗಳಲ್ಲೂ ನಡೆಯಬೇಕೆಂದು ಜಾಯ್ ಟರ್ಮ್‌ಕ್ಯಾಪ್ ಎಂಬ ಭಂಡಾರ ಕಟ್ಟಿದರು. ಟರ್ಮ್‌ಇನ್ಫೋ ಅದರ ನಂತರದ್ದು. 1978ರಲ್ಲಿ ಡಿಇಸಿ ಕಂಪನಿಯ ವಿಟಿ100 ಬಂದ ಮೇಲೆ ಉಳಿದವರು ಅದನ್ನೇ ಅನುಕರಿಸತೊಡಗಿದರು. ಹುಡುಗನ ಲ್ಯಾಪ್‌ಟಾಪಿನ ಕಪ್ಪು ಕಿಟಕಿಯೂ ಆ ವಂಶದ್ದೇ. ಆದರೆ ಅದು ಹೇಳಿಕೊಳ್ಳುವ 256 ಬಣ್ಣಗಳ ಹೆಸರು, 2005ರಲ್ಲಿ ಹೊರಬಂದ ಸೋಲಾರಿಸ್ 10ರ ಭಂಡಾರದಲ್ಲಿ ಇಲ್ಲ. ಬರೀ ಎಕ್ಸ್‌ಟರ್ಮ್ ಇದೆ, ವಿಟಿ100 ಇದೆ.

“ಎಕ್ಸ್‌ಪೋರ್ಟ್ ಟರ್ಮ್ ಇಕ್ವಲ್ಸ್ ಎಕ್ಸ್‌ಟರ್ಮ್ ಅಂತ ಕೊಟ್ಟೆ ಮೇಡಂ. ಅದಕ್ಕೂ ಬೈತು.”

“ರೂಟ್‌ಗೆ ಅಲ್ಲಿರೋದು ಹಳೇ ಬೋರ್ನ್ ಶೆಲ್ಲಪ್ಪ, ಎರಡನ್ನೂ ಒಟ್ಟಿಗೆ ಹೇಳಿದ್ರೆ ಅದಕ್ಕೆ ಅರ್ಥ ಆಗಲ್ಲ. ಮೊದಲು ಟರ್ಮ್ ಇಕ್ವಲ್ಸ್ ಎಕ್ಸ್‌ಟರ್ಮ್, ಎಂಟರ್. ಆಮೇಲೆ ಎಕ್ಸ್‌ಪೋರ್ಟ್ ಟರ್ಮ್, ಎಂಟರ್.”

ಸ್ವಲ್ಪ ಹೊತ್ತು ಕೀಲಿಗಳ ಸದ್ದು. “ಬಂತು ಮೇಡಂ. ಪೂರ್ತಿ ಸ್ಕ್ರೀನು.”

ಎಕ್ಸ್‌ಟರ್ಮ್ ಎಂಬ ಹೆಸರಿನಲ್ಲಿ ಬಣ್ಣಗಳು ಹೋಗಬಹುದು. ಆದರೆ ಆ ಹೆಸರಿನ ಫೈಲಿನಲ್ಲಿ ಬರೆದ ಬಹುತೇಕ ಎಲ್ಲವನ್ನೂ ಹುಡುಗನ ಕಿಟಕಿ ಮಾಡಬಲ್ಲದು. ಇದ್ದ ಶಕ್ತಿಯನ್ನು ಕಡಿಮೆ ಮಾಡಿ ಹೇಳಿಕೊಂಡರೆ ಕೆಲಸ ಕೆಡುವುದಿಲ್ಲ. ಇಲ್ಲದ್ದನ್ನು ಇದೆ ಎಂದಾಗ ಕೆಡುತ್ತದೆ.

ಪ್ಯಾಚ್ ಓಡತೊಡಗುತ್ತದೆ. ಸಾಲು ಸಾಲು ಹೆಸರುಗಳು ಉರುಳುತ್ತಿವೆ ಎಂದು ಹುಡುಗ ಹೇಳುತ್ತಿದ್ದಾನೆ. ಇದ್ದಕ್ಕಿದ್ದಂತೆ ಅವನ ದನಿ ಬದಲಾಗುತ್ತದೆ.

“ಮೇಡಂ, ನಿಂತೋಯ್ತು. ಹ್ಯಾಂಗ್ ಆಗಿದೆ. ಕಿಟಕಿ ಮುಚ್ಚಿ ಮತ್ತೆ ತೆಗೀಲಾ?”

“ಮುಚ್ಚಬೇಡ!” ಮಲಗಿದವರು ಎದ್ದಾರೆಂಬ ಪರಿವೆಯಿಲ್ಲದೆ ನೀವು ಕೂಗುತ್ತೀರಿ. ಕಿಟಕಿ ಮುಚ್ಚಿದರೆ ಅದರೊಂದಿಗೆ ಪ್ಯಾಚ್ ಓಡಿಸುತ್ತಿರುವ ಪ್ರೋಗ್ರಾಮೂ ನಡುವೆಯೇ ಸಾಯಬಹುದು. “ಈಗಷ್ಟೇ ಏನು ಒತ್ತಿದೆ?”

“ಪಕ್ಕದಲ್ಲಿ ನೋಟ್ಸ್ ಬರೀತಿದ್ದೆ, ಸೇವ್ ಮಾಡೋಕೆ ಕಂಟ್ರೋಲ್ ಎಸ್...”

“ಅದು ಈ ಕಿಟಕಿಗೆ ಬಿದ್ದಿದೆ. ಕಂಟ್ರೋಲ್ ಕ್ಯು ಒತ್ತು.”

ಹತ್ತಿಪ್ಪತ್ತು ಸಾಲುಗಳು ಒಮ್ಮೆಗೇ ಉರುಳಿದವಂತೆ. ಕಂಟ್ರೋಲ್ ಎಸ್ ಎಂದರೆ ‘ಕಳಿಸುವುದು ನಿಲ್ಲಿಸು’, ಕಂಟ್ರೋಲ್ ಕ್ಯು ಎಂದರೆ ‘ಮುಂದುವರಿಸು’. 1963ರಲ್ಲಿ ಬಂದ ಟೆಲಿಟೈಪ್ ಮಾಡೆಲ್ 33ರಲ್ಲಿ ರಂಧ್ರ ಕೊರೆದ ಕಾಗದದ ಪಟ್ಟಿಯನ್ನು ಓದುವ ಭಾಗವನ್ನು ನಿಲ್ಲಿಸಿ ನಡೆಸುತ್ತಿದ್ದ ಸಂಕೇತಗಳೇ ಇವು.

ಒಂದು ಗಂಟೆಗೆ ಪ್ಯಾಚ್ ಮುಗಿಯುತ್ತದೆ. ರೀಬೂಟಿಗೆ ಮುನ್ನ ಬೇರೆ ಯಾರಾದರೂ ಒಳಗಿದ್ದಾರೆಯೇ ನೋಡು ಎನ್ನುತ್ತೀರಿ. ಲಾಗಿನ್ ದಾಖಲೆಗಳಿರುವ ಡಬ್ಲ್ಯುಟಿಎಂಪಿಎಕ್ಸ್ ಫೈಲನ್ನು ಹುಡುಗ ಕ್ಯಾಟ್ ಕಮಾಂಡಿನಿಂದ ನೇರವಾಗಿ ಪರದೆಗೆ ಸುರಿದುಬಿಡುತ್ತಾನೆ. ಅದು ಪಠ್ಯವಲ್ಲ, ಬೈನರಿ.

“ಅಯ್ಯೋ, ಎಲ್ಲ ಗೀಟು ಗೀಟಾಯ್ತು ಮೇಡಂ. ನಾನು ಟೈಪ್ ಮಾಡೋದೂ ಗೀಟು, ಮೂಲೆ, ಏನೇನೋ ಗುರುತು.”

“ಅಂಕಿಗಳು ಸರಿ ಕಾಣ್ತಾವಾ?”

“ಹೂಂ, ಅಂಕಿ ಸರಿ ಇವೆ.”

“ಕ್ಯಾಪಿಟಲ್ ಅಕ್ಷರ?”

“ಅವೂ ಸರಿ. ಸ್ಮಾಲ್ ಲೆಟರ್ ಮಾತ್ರ ಕೆಟ್ಟಿವೆ.”

ಆ ಮೂರು ಉತ್ತರಗಳು ಸಾಕು. ವಿಟಿ100ರಲ್ಲಿ ಚೌಕಟ್ಟು ಎಳೆಯಲೆಂದೇ ಎರಡನೆಯ ಅಕ್ಷರ ಕೋಷ್ಟಕವೊಂದಿತ್ತು. ಅದರಲ್ಲಿ ಸಣ್ಣ ಕ್ಯು ಅಡ್ಡಗೀಟು, ಎಕ್ಸ್ ಉದ್ದಗೀಟು, ಎಲ್ ಮೇಲಿನ ಎಡಮೂಲೆ, ಕೆ ಮೇಲಿನ ಬಲಮೂಲೆ. ಅಂಕಿಗಳನ್ನೂ ದೊಡ್ಡಕ್ಷರಗಳನ್ನೂ ಅದು ಮುಟ್ಟುವುದಿಲ್ಲ. ಫೈಲಿನಲ್ಲಿದ್ದ ಯಾವುದೋ ಬೈಟುಗಳು ಆಕಸ್ಮಿಕವಾಗಿ ‘ಆ ಕೋಷ್ಟಕಕ್ಕೆ ಹೋಗು’ ಎಂಬ ಆಜ್ಞೆಯಾಗಿಬಿಟ್ಟಿವೆ. ಇದರ ತಿರುವುಮುರುವೂ ಉಂಟು: ಸೆಟಪ್ ಮೆನುವಿನಲ್ಲಿ ಚೌಕಟ್ಟು ಬರಬೇಕಾದಲ್ಲಿ ಎಲ್, ಕ್ಯು, ಕ್ಯು, ಕ್ಯು, ಕೆ ಎಂದು ಅಕ್ಷರಗಳ ಸಾಲು ಕಂಡರೆ, ಸರ್ವರ್ ಕೋಷ್ಟಕ ಬದಲಿಸಲು ಹೇಳಿದ್ದು ಟರ್ಮಿನಲ್ಲಿಗೆ ಕೇಳಿಸಲಿಲ್ಲವೆಂದು ಅರ್ಥ.

“ಎಕೋ ಬರಿ. ಸ್ಪೇಸ್. ಕಂಟ್ರೋಲ್ ವಿ. ಈಗ ಎಸ್ಕೇಪ್ ಕೀಲಿ. ಆಮೇಲೆ ಸಣ್ಣ ಸಿ. ಎಂಟರ್.”

“ಬರೀತಿರೋದೇ ಓದೋಕಾಗ್ತಿಲ್ಲ ಮೇಡಂ.”

“ಓದಬೇಡ, ಒತ್ತು. ನಿನಗೆ ಏನೇ ಕಾಣಲಿ, ಅಲ್ಲಿಗೆ ಹೋಗೋದು ನೀನು ಒತ್ತಿದ ಅಕ್ಷರವೇ.”

ಎಸ್ಕೇಪ್ ಮತ್ತು ಸಿ ಸೇರಿದರೆ ‘ಮೊದಲಿನಿಂದ ಶುರುಮಾಡು’ ಎಂದು ಟರ್ಮಿನಲ್ಲಿಗೆ ಆಜ್ಞೆ. ಪರದೆ ತಿಳಿಯಾಗುತ್ತದೆ. ಲಾಸ್ಟ್ ಎಂಬ ಕಮಾಂಡು ಅದೇ ಫೈಲನ್ನು ಮನುಷ್ಯರು ಓದುವಂತೆ ಕೊಡುತ್ತದೆ ಎಂದು ಹೇಳಿ ನೀವು ನೀರು ಕುಡಿಯುತ್ತೀರಿ.

ರೀಬೂಟ್. ಎಸ್‌ಎಸ್‌ಎಚ್ ಕಡಿದುಹೋಗುತ್ತದೆ. ಈಗ ಯಂತ್ರದ ಸೀರಿಯಲ್ ಕನ್ಸೋಲಿನಿಂದಲೇ ಒಳಗೆ ಹೋಗಬೇಕು. ಸಿಂಗಲ್ ಯೂಸರ್ ಸ್ಥಿತಿಯಲ್ಲಿ ವಿಎಫ್‌ಎಸ್‌ಟ್ಯಾಬ್ ಫೈಲಿನ 29ನೇ ಸಾಲಿನ ಮುಂದೆ ಪ್ಯಾಚಿಗೆ ಮುನ್ನ ಹಾಕಿದ್ದ ಹ್ಯಾಷ್ ಗುರುತನ್ನು ತೆಗೆಯಬೇಕು; ಬ್ಯಾಂಕಿನ ಒಂದು ಡಿಸ್ಕು ಮರಳಿ ಸೇರುವುದು ಆ ಸಾಲಿನಿಂದ.

“ವಿಐ ಓಪನ್ ಆಯ್ತು ಮೇಡಂ, ಈ ಸಲ ಬೈಲಿಲ್ಲ. ಆದ್ರೆ ಕೊನೇ ಸಾಲಲ್ಲಿ ಎಲ್ಲ ಒಂದರ ಮೇಲೊಂದು ಬಿದ್ದಿದೆ. 29 ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ.”

ಬೈಯದೆ ಇದ್ದದ್ದೇ ಅಪಾಯ. “ಏನೂ ಮುಟ್ಟಬೇಡ. ಹೊರಗೆ ಬಾ. ಟರ್ಮ್ ಏನಿದೆ?”

“ಸನ್.”

ನೋಟ್‌ಬುಕ್ಕಿನಲ್ಲಿ ಎರಡನೆಯ ಹೆಸರು ಬೀಳುತ್ತದೆ. ಎಸ್‌ಎಸ್‌ಎಚ್‌ನಲ್ಲಿ ಟರ್ಮಿನಲ್ಲು ತನ್ನ ಹೆಸರನ್ನೂ ಅಳತೆಯನ್ನೂ ತಾನೇ ಹೇಳುತ್ತದೆ. ಸೀರಿಯಲ್ ತಂತಿಯಲ್ಲಿ ಆ ಏರ್ಪಾಡಿಲ್ಲ; ಅಲ್ಲಿ ಓಡುವುದು ಬರೀ ಬೈಟು. ಹಾಗಾಗಿ ಕನ್ಸೋಲಿನಲ್ಲಿ ಕುಳಿತವರ ಮುಂದೆ ಸನ್ ಕಂಪನಿಯ ಸ್ವಂತ ಪರದೆಯೇ ಇದೆ ಎಂದು ಯಂತ್ರ ಭಾವಿಸಿಕೊಳ್ಳುತ್ತದೆ. ಆ ಹೆಸರಿನ ಫೈಲಿನ ಪ್ರಕಾರ ಪರದೆಗೆ 34 ಸಾಲು. ಹುಡುಗನ ಕನ್ಸೋಲ್ ಕಿಟಕಿಯಲ್ಲಿರುವುದು 24. ಸರ್ವರ್ 25ನೇ ಸಾಲಿಗೆ, 30ನೇ ಸಾಲಿಗೆ, 34ನೇ ಸಾಲಿಗೆ ಹೋಗು ಎನ್ನುತ್ತದೆ. ಹೋಗಲು ಜಾಗವಿಲ್ಲದ ಕರ್ಸರ್ ಪ್ರತಿಸಲವೂ 24ರಲ್ಲೇ ನಿಂತು ಹಿಂದಿನದರ ಮೇಲೆ ಬರೆಯುತ್ತದೆ. ಫೈಲಿನಲ್ಲಿ ಆ ಸಾಲುಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಇವೆ. ಕಂಡದ್ದನ್ನು ನಂಬಿ ಹುಡುಗ ಅಕ್ಷರ ಅಳಿಸಲು ಒಂದು ಎಕ್ಸ್ ಒತ್ತಿದ್ದರೆ, ಬೇರೆ ಯಾವುದೋ ಡಿಸ್ಕಿನ ಸಾಲು ಕೆಡುತ್ತಿತ್ತು.

“ಟರ್ಮ್ ಇಕ್ವಲ್ಸ್ ವಿಟಿ100, ಎಂಟರ್. ಎಕ್ಸ್‌ಪೋರ್ಟ್ ಟರ್ಮ್. ಆಮೇಲೆ ಎಸ್‌ಟಿಟಿವೈ, ರೋಸ್ 24, ಕಾಲಮ್ಸ್ 80.”

“ಬ್ಯಾಕ್‌ಸ್ಪೇಸ್ ಒತ್ತಿದ್ರೆ ಅಳಿಸ್ತಿಲ್ಲ, ಟೋಪಿ ಗುರುತು, ಪಕ್ಕದಲ್ಲಿ ಎಚ್ ಬರ್ತಿದೆ.”

“ಎಸ್‌ಟಿಟಿವೈ, ಸ್ಪೇಸ್, ಇರೇಸ್, ಸ್ಪೇಸ್ ಬರೆದು ಅದೇ ಬ್ಯಾಕ್‌ಸ್ಪೇಸ್ ಒತ್ತಿ ಎಂಟರ್ ಕೊಡು. ಅಳಿಸೋ ಕೀಲಿ ಇದೇ ಅಂತ ಅದಕ್ಕೆ ಗೊತ್ತಾಗುತ್ತೆ.”

ಈಗ 29ನೇ ಸಾಲು ತಾನಿರಬೇಕಾದಲ್ಲಿ ಕಾಣುತ್ತದೆ. ಹ್ಯಾಷ್ ಹೋಗುತ್ತದೆ. ಯಂತ್ರ ಪೂರ್ತಿ ಮೇಲೇಳುತ್ತದೆ. ಗಂಟೆ ಎರಡೂಮುಕ್ಕಾಲು.

ಉಳಿದದ್ದು ಪರಿಶೀಲನೆ. ಗ್ರಾಹಕರಿಗೆ ಹೋಗುವ ಕನ್ನಡ ಎಸ್ಸೆಮ್ಮೆಸ್‌ಗಳ ಲಾಗ್ ಫೈಲನ್ನು ನೋಡಬೇಕು. ಅದನ್ನು ಬ್ಯಾಂಕಿನದೇ ವಿಂಡೋಸ್ ಯಂತ್ರವೊಂದರ ಮೂಲಕ ಮಾತ್ರ ತೆರೆಯಬಹುದು. ಹುಡುಗ ಅದಕ್ಕೆ ಲಾಗಿನ್ ಆಗಿ, ಅಲ್ಲಿದ್ದ ಟರ್ಮಿನಲ್ಲಿನಿಂದ ಸರ್ವರಿಗೆ ಹೋಗಿ, ಲಾಗನ್ನು ಕ್ಯಾಟ್ ಮಾಡುತ್ತಾನೆ. ಸುಮಾರು ಹೊತ್ತು ಫೋನಿನಲ್ಲಿ ಮಾತೇ ಇಲ್ಲ.

“ಮೇಡಂ, ಲಾಗ್ ಪೂರಾ ಹಾಳಾಗಿದೆ.”

“ಹೆಂಗೆ ಹಾಳಾಗಿದೆ? ಹೇಳು.”

“ಕನ್ನಡ ಒಂದಕ್ಷರ ಇಲ್ಲ. ತಲೆ ಮೇಲೆ ಗೀಟಿರೋ ಎ, ಪಕ್ಕದಲ್ಲಿ ಪುಟ್ಟ 2, ಅದೇ ಮತ್ತೆ ಮತ್ತೆ. ನಡುನಡುವೆ ಮಾತು ಮಾಯ, ಕೆಲವು ಕಡೆ ಮೊತ್ತನೂ ಇಲ್ಲ. ಸಾಲುಗಳು ಮೇಲಕ್ಕೆ ಹತ್ತಿಕೊಂಡು ಹಿಂದಿನ ಸಾಲಿನ ಮೇಲೆ ಬರೀತಿವೆ. ಪ್ಯಾಚಿಂದಾನೇ ಆಗಿರ್ಬೇಕು. ರೋಲ್‌ಬ್ಯಾಕ್ ಶುರು ಮಾಡ್ಲಾ? ಈಗ ಬಿಟ್ರೆ ನಾಲ್ಕರೊಳಗೆ ಆಗಲ್ಲ.”

ಮೂರು ಗಂಟೆ ಆಗಲು ಐದು ನಿಮಿಷ. ಅವನ ಲೆಕ್ಕ ಸರಿಯಿದೆ. ತೀರ್ಮಾನಕ್ಕೆ ನಿಮಗಿರುವುದು ಕೆಲವೇ ನಿಮಿಷ. ಅವನ ಪರದೆ ನಿಮಗೆ ಕಾಣುವುದಿಲ್ಲ. ಕಂಡಿದ್ದರೂ ಅದು ಸಾಕ್ಷಿಯಾಗುತ್ತಿರಲಿಲ್ಲ. ಬೇಕಾಗಿರುವುದು ಫೈಲಿನೊಳಗಿನ ಬೈಟುಗಳು.

“ಹೆಡ್, ಹೈಫನ್ ಒಂದು, ಆ ಫೈಲಿನ ಹೆಸರು. ಪೈಪ್. ಓಡಿ, ಹೈಫನ್ ಟಿ, ಎಕ್ಸ್ ಒಂದು. ಬಂದದ್ದನ್ನ ಎರಡೆರಡು ಅಂಕೆಯಾಗಿ ಓದು. ಮೊದಲು ಬರೋ ದಿನಾಂಕ ಬಿಟ್ಟುಬಿಡು.”

“ಇ0, ಬಿ2, 92. ಇ0, ಬಿ2, 9ಎಫ್. ಇ0, ಬಿ3, 8ಡಿ. ಇ0, ಬಿ2, 9ಎಫ್. ಇ0, ಬಿ3, 81.”

ನೀವು ಬರೆದುಕೊಳ್ಳುತ್ತೀರಿ. ಯೂನಿಕೋಡಿನಲ್ಲಿ ಕನ್ನಡದ ಜಾಗ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8 ಕ್ರಮದಲ್ಲಿ ಅಲ್ಲಿನ ಪ್ರತಿಯೊಂದು ಚಿಹ್ನೆಗೂ ಮೂರು ಬೈಟು: ಮೊದಲನೆಯದು ಯಾವಾಗಲೂ ಇ0, ಎರಡನೆಯದು ಬಿ2 ಅಥವಾ ಬಿ3. ಪೆನ್ನು ಬಿಡಿಸುತ್ತಾ ಹೋಗುತ್ತದೆ: 0ಸಿ92 ಎಂದರೆ ಒ. 0ಸಿ9ಎಫ್ ಎಂದರೆ ಟ. 0ಸಿಸಿಡಿ ಅರ್ಧಾಕ್ಷರದ ಗುರುತು. ಮತ್ತೆ ಟ. 0ಸಿಸಿ1 ಉಕಾರದ ಕೊಂಬು.

ಒಟ್ಟು.

“ಮುಂದೆ ಓದು.” ಅವನು ಓದುತ್ತಾನೆ. ಮೊತ್ತ. ಅಂಕಿಗಳು. ಜಮಾ. ಒಂದು ಬೈಟೂ ಆಚೀಚೆ ಆಗಿಲ್ಲ.

“ಲಾಗ್ ಸರಿಯಾಗಿದೆ. ರೋಲ್‌ಬ್ಯಾಕ್ ಬೇಡ. ಆ ವಿಂಡೋಸ್ ಟರ್ಮಿನಲ್ಲಿನ ಸೆಟ್ಟಿಂಗ್ ತೆಗೆದು ಕ್ಯಾರೆಕ್ಟರ್ ಸೆಟ್ ಏನಿದೆ ನೋಡು.”

“ಐಎಸ್‌ಒ 8859-1.”

ಅಲ್ಲಿಗೆ ಕಥೆ ಪೂರ್ತಿಯಾಗುತ್ತದೆ. ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಮಾಡಿದ ಆ ಪಟ್ಟಿಯಲ್ಲಿ ಒಂದು ಬೈಟಿಗೆ ಒಂದು ಅಕ್ಷರ. ಇ0 ಬೈಟು ಗೀಟು ಹೊತ್ತ ಎ ಆಗುತ್ತದೆ, ಬಿ2 ಪುಟ್ಟ 2 ಆಗುತ್ತದೆ. ಮೂರನೆಯ ಬೈಟಿನದು ಬೇರೆಯೇ ಆಟ. 80ರಿಂದ 9ಎಫ್‌ವರೆಗಿನ ಬೈಟುಗಳು ಆ ಪಟ್ಟಿಯಲ್ಲಿ ಅಕ್ಷರಗಳೇ ಅಲ್ಲ. 1983ರ ವಿಟಿ220ರ ಕಾಲದಿಂದ ಎಂಟು ಬಿಟ್ ಟರ್ಮಿನಲ್‌ಗಳು ಅವನ್ನು ಆಜ್ಞೆಗಳೆಂದು ಓದುತ್ತವೆ. ಕನ್ನಡದ ಹಲವು ಅಕ್ಷರಗಳು ನೇರವಾಗಿ ಈ ಹೊಂಡಕ್ಕೆ ಬೀಳುತ್ತವೆ. ಅಕಾರದ ಕೊನೆಯ ಬೈಟು 85. ಅಂದರೆ ‘ಮುಂದಿನ ಸಾಲಿಗೆ ಹೋಗು’. ಅರ್ಧಾಕ್ಷರದ ಗುರುತಿನದು 8ಡಿ. ಅಂದರೆ ‘ಒಂದು ಸಾಲು ಮೇಲಕ್ಕೆ ಹತ್ತು’. ಒತ್ತಕ್ಷರ ಬಂದಾಗಲೆಲ್ಲ ಕರ್ಸರ್ ಮೇಲೇರಿದ್ದು ಇದರಿಂದ. ಟಕಾರದ್ದು 9ಎಫ್, ‘ಇಲ್ಲಿಂದ ಮುಂದಿನದು ಪ್ರೋಗ್ರಾಮಿಗೆ ಸಂದೇಶ, ಪರದೆಗೆ ತರಬೇಡ’ ಎಂದು ಅರ್ಥ. ಆ ಸಂದೇಶ ಮುಗಿಯಿತೆಂದು ಹೇಳುವ ಬೈಟು 9ಸಿ. ಅದು ನಮ್ಮ ಜಕಾರದ ಕೊನೆಯ ಬೈಟು. ಕೆಲವು ಟರ್ಮಿನಲ್‌ಗಳು ನಡುವೆ ಬೇರೊಂದು ಆಜ್ಞೆ ಕಂಡರೆ ನುಂಗುವುದನ್ನು ನಿಲ್ಲಿಸುತ್ತವೆ, ಕೆಲವು ಮುಕ್ತಾಯ ಸಿಗುವವರೆಗೂ ಬಿಡುವುದಿಲ್ಲ. ಬಿಡದ ಕಡೆ, ‘ಒಟ್ಟು’ವಿನ ಟಕಾರದಲ್ಲಿ ಮುಳುಗಿದ ಸಾಲು ‘ಜಮಾ’ದ ಜಕಾರದಲ್ಲಿ ಏಳುತ್ತದೆ. ನಡುವಿನ ಹಣ ಪರದೆಯ ಮೇಲೆ ಮಾತ್ರ ಕಾಣೆ.

“ಅದನ್ನ ಯುಟಿಎಫ್-8 ಮಾಡು. ಮತ್ತೆ ಕ್ಯಾಟ್ ಮಾಡು.”

“ಬಂತು ಮೇಡಂ! ಕನ್ನಡ ಬಂತು. ಒತ್ತಕ್ಷರ ಮಾತ್ರ ಬಿಡಿ ಬಿಡಿ, ಪಕ್ಕಕ್ಕೆ ಕೂತಿದೆ.”

“ಅದಕ್ಕೆ ತಲೆ ಕೆಡಿಸ್ಕೋಬೇಡ.” ಟರ್ಮಿನಲ್ ಪರದೆ ಒಂದೇ ಅಗಲದ ಚೌಕಗಳ ಜಾಲ. ಅಕ್ಷರದ ಕೆಳಗೆ ಇಳಿಯುವ ಒತ್ತಿಗೆ, ಎರಡು ಚೌಕ ಬೇಡುವ ಅಗಲದ ಅಕ್ಷರಕ್ಕೆ ಅಲ್ಲಿ ಸರಿಯಾದ ಜಾಗವಿಲ್ಲ. ಅದೇ ಪಠ್ಯ ಗ್ರಾಹಕರ ಫೋನಿನಲ್ಲಿ ನೆಟ್ಟಗೆ ಕಾಣುತ್ತದೆ.

ಮೂರೂಕಾಲಿಗೆ ಬ್ಯಾಂಕಿಗೆ ಸಂದೇಶ ಹೋಗುತ್ತದೆ: ಪ್ಯಾಚ್ ಮುಗಿದಿದೆ, ಯಂತ್ರ ಸರಿಯಿದೆ. ಉಳಿದಿರುವುದು ಈ ರಾತ್ರಿಯ ತೊಂದರೆ ಮತ್ತೆ ಬಾರದಂತೆ ಮಾಡುವ ಕೆಲಸ. ವಿಂಡೋಸ್ ಯಂತ್ರದ ಟರ್ಮಿನಲ್ಲಿನಲ್ಲಿ ಯುಟಿಎಫ್-8 ಅನ್ನು ಹುಡುಗ ಕಾಯಂ ಆಗಿ ಉಳಿಸುತ್ತಾನೆ. ಕನ್ಸೋಲಿನಲ್ಲಿ ಸನ್ ಪರದೆ ಇಟ್ಟುಕೊಂಡವರು ಯಾರೂ ಇಲ್ಲವಾದ್ದರಿಂದ, ಕನ್ಸೋಲ್ ಲಾಗಿನ್ ಸೇವೆಯಲ್ಲಿ ಬರೆದಿರುವ ಹೆಸರನ್ನು ವಿಟಿ100 ಎಂದು ಬದಲಿಸಲು ಬ್ಯಾಂಕಿನ ಅನುಮತಿ ಕೇಳುವುದೆಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೀರಿ. ಮೂರನೆಯದು ಎಸ್‌ಎಸ್‌ಎಚ್‌ನದು.

“ಅದನ್ನ ಸರ್ವರಿನ ಪ್ರೊಫೈಲ್ ಫೈಲಲ್ಲೇ ಹಾಕಿಬಿಡ್ಲಾ ಮೇಡಂ? ಟರ್ಮ್ ಇಕ್ವಲ್ಸ್ ಎಕ್ಸ್‌ಟರ್ಮ್ ಅಂತ. ಯಾರು ಬಂದ್ರೂ ವಿಐ ನೆಟ್ಟಗೆ ತೆರೆಯುತ್ತೆ.”

“ಬೇಡಪ್ಪ. ನಿನ್ನ ಲ್ಯಾಪ್‌ಟಾಪಿನ ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಈ ಒಂದು ಯಂತ್ರಕ್ಕೆ ಮಾತ್ರ ಹಾಕು. ಸೆಟ್‌ಎನ್ವ್ ಅಂತ ಒಂದು ಸಾಲು, ಹೊಸ ಓಪನ್‌ಎಸ್‌ಎಸ್‌ಎಚ್ ಇದ್ರೆ ಸಾಕು. ಸರ್ವರಲ್ಲಿ ಬರೆದಿಟ್ರೆ, ನಾಳೆ ಕನ್ಸೋಲಿಂದ ಬಂದವರಿಗೂ ನಿನ್ನ ಕಿಟಕಿಯ ಹೆಸರೇ ಅಂಟಿಕೊಳ್ಳುತ್ತೆ. ಆಗ ಅದು ಬೈಯೋದೂ ಇಲ್ಲ, ಸುಮ್ನೆ ತಪ್ಪು ತೋರಿಸುತ್ತೆ. ಬಂದವರ ಮುಂದೆ ಎಂಥ ಸ್ಕ್ರೀನಿದೆ ಅನ್ನೋದು ಬಂದವರಿಗೇ ಗೊತ್ತು. ಅದನ್ನ ಅವರೇ ಹೇಳಲಿ.”